ಗೋಡೆಗೆ ಹೊದಿಸಿದ ಟಾರ್ಪಾಲು

ಮಗಳನ್ನು ಮೊಣಕಾಲುಗಳ ನಡುವೆ ಕೂರಿಸಿಕೊಂಡು ಅಮ್ಮ ಎರಡನೆಯ ಜಡೆಗೆ ಸಿಕ್ಕು ಬಿಡಿಸುತ್ತಿದ್ದಳು. ಒಳಗಿನಿಂದ ಗಂಡ, "ಬಾ ಇಲ್ಲಿ," ಎಂದ. ಅಷ್ಟೇ. ಬಾಚಣಿಗೆ ಹುಡುಗಿಯ ಕೂದಲಲ್ಲೇ ಉಳಿಯಿತು.

ಅಜ್ಜಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಚಂಡಮಾರುತದ ಸಂಜೆ ಎದೆಯಲ್ಲಿ ಕೂತ ಕೆಮ್ಮು, ಅವತ್ತಿನಿಂದ ಮನೆಯವರನ್ನು ಮಲಗಗೊಡದ ಕೆಮ್ಮು, ನಿಂತುಹೋಗಿತ್ತು.

"ಅಮ್ಮ, ಒಂದು ಕೇಳ್ಲಾ?" ಹುಡುಗಿ ಬಾಗಿಲಲ್ಲಿ ನಿಂತು ಅಂದಳು.

"ಆಮೇಲೆ ಕೇಳು ಪುಟ್ಟಿ. ಹೋಗು, ಪಕ್ಕದ್ಮನೆ ಮೀನಿನಕ್ಕನ್ನ ಕರ್ಕೊಂಡು ಬಾ."

ಒಂದು ಕಡೆ ಜಡೆ, ಇನ್ನೊಂದು ಕಡೆ ಬಿಚ್ಚುಗೂದಲು. ಹುಡುಗಿ ಹಾಗೇ ಓಡಿದಳು. ಓಣಿಯ ತಗ್ಗಿನಲ್ಲಿ ಇನ್ನೂ ನೀರು ನಿಂತಿತ್ತು. ನೀರೆತ್ತುವ ಪಂಪು ಮೊದಲು ಮೇಲಿನ ಬೀದಿಯ ಪಾರ್ಕು ಒಣಗಿಸಿ ಆಮೇಲೆ ಇಲ್ಲಿಗೆ ಬರುತ್ತದೆ ಎಂದು ಹೇಳಿದ್ದರು. ಪಾರ್ಕು ಒಣಗಿ, ಅಲ್ಲಿ ಹುಲ್ಲೂ ಕತ್ತರಿಸಿ ಆಗಿತ್ತು.

ಬಿಸಿಲೇರುವಷ್ಟರಲ್ಲಿ ಓಣಿಯವರೆಲ್ಲ ಬಾಗಿಲಿಗೆ ಬಂದರು. ಅವರ ಪಾಲಿಗೆ ಸತ್ತವಳು ದಬ್ಬಣದಜ್ಜಿ. ಅಂಗೈಗೆ ಚರ್ಮದ ಪಟ್ಟಿ ಕಟ್ಟಿಕೊಂಡು, ದಬ್ಬಣಕ್ಕೆ ಮೇಣ ಸವರಿದ ದಾರ ಪೋಣಿಸಿ, ಜೀವಮಾನವೆಲ್ಲ ಟಾರ್ಪಾಲು ಹೊಲಿದವಳು. ಉಳಿದವರು ಒಂದು ಸಾಲು ಹೊಲಿಗೆ ಹಾಕುವ ಕಡೆ ಅವಳದು ಎರಡು. ಕೇಳಿದರೆ, "ಒಂದು ಗಿರಾಕಿಗೆ, ಇನ್ನೊಂದು ಗಾಳಿಗೆ," ಅನ್ನುತ್ತಿದ್ದಳು. ಈಗ ಓಣಿಯ ಅರ್ಧ ಮನೆಗಳ ತಲೆಯ ಮೇಲೆ ಹೆಂಚಿಲ್ಲ, ತಗಡಿಲ್ಲ, ಅವಳ ಹೊಲಿಗೆ ಮಾತ್ರ ಇದೆ.

"ಮೇಲಿನ ಬೀದಿಯೋರಿಗೂ ಪಾಪ, ತುಂಬಾ ನಷ್ಟವಂತೆ," ಮೀನಿನಕ್ಕ ಕಣ್ಣೊರೆಸಿಕೊಳ್ಳುತ್ತಲೇ ಅಂದಳು. "ಎರಡು ಹೂಕುಂಡ ಒಡೆದುಹೋಯ್ತಂತೆ."

"ಕರೆಂಟು ಒಂದು ರಾತ್ರಿ ಪೂರ್ತಿ ಇರ್ಲಿಲ್ಲವಂತೆ," ಎಂದ ಗಾರೆ ಮಾವ. ಓಣಿಯಲ್ಲಿ ಇನ್ನೂ ದೀಪ ಹತ್ತಿರಲಿಲ್ಲ.

"ನೀನು ಮಾತಾಡ್ಬೇಡ. ಆ ಬೀದಿಗೂ ನಮಗೂ ನಡುವೆ ಗೋಡೆ ಕಟ್ಟಿದ್ದು ಯಾರು? ಮೇಲೆ ಗಾಜು ನೆಟ್ಟಿದ್ದು ಯಾರು?"

"ಕೂಲಿ ಕೊಟ್ರು, ಕಟ್ದೆ. ನಾವೇ ಹತ್ಬೇಕಾಗುತ್ತೆ ಅಂತ ನನಗೇನು ಕನಸು ಬಿದ್ದಿತ್ತಾ?"

"ಒಂಚೂರು ಸಡಿಲ ನೆಡೋಕಾಗ್ಲಿಲ್ವಾ?"

"ನನ್ನ ಕೈಗೆ ಸಡಿಲ ಬರಲ್ವಲ್ಲೇ!" ಎಂದ ಮಾವ. ಅವನ ಅಂಗೈಯ ಗಾಯ ಇನ್ನೂ ಒಣಗಿರಲಿಲ್ಲ.

ಅಷ್ಟರಲ್ಲಿ ಮೇಲಿನ ಬೀದಿಯ ಗೇಟಿನ ಹತ್ತಿರ ಹೋಗಿದ್ದ ಅಜ್ಜಿಯ ಮಗ ವಾಪಸು ಬಂದ. ಸ್ಮಶಾನಕ್ಕೆ ಹೋಗುವ ಕೆಳದಾರಿಯ ಮೋರಿ ಕೊಚ್ಚಿಹೋಗಿ, ಅಲ್ಲಿ ಎದೆಮಟ್ಟ ನೀರಿತ್ತು. ಉಳಿದದ್ದು ಮೇಲಿನ ಬೀದಿ. ಅದಕ್ಕೆ ಗೋಡೆ, ಗೋಡೆಗೆ ಗೇಟು, ಗೇಟಿಗೆ ಬೀಗ.

"ಏನಂದ್ರು ಆ ಬೀದಿ ಅಸೋಸಿಯೇಷನ್ ಸೆಕ್ರೆಟರಿ?" ಹೆಂಡತಿ ಕೇಳಿದಳು.

"ಒಂದ್ಸಲ ತೆಗೆದ್ರೆ ದಿನಾ ತೆಗೀಬೇಕಾಗುತ್ತಂತೆ. ಮೀಟಿಂಗ್ ಮಾಡಿ ನಾಳೆ ಹೇಳ್ತಾರಂತೆ."

"ನಾಳೆ ತನಕ ಅತ್ತೆ ಕಾಯ್ಬೇಕಂತಾ?"

ಅವನು ತಲೆ ತಗ್ಗಿಸಿದ. "ನೀರಲ್ಲೇ ಹೊತ್ಕೊಂಡು ಹೋಗೋಣ. ಇನ್ನೇನು ಮಾಡೋಕಾಗುತ್ತೆ?"

ಸೊಸೆ ಒಳಗೆ ಹೋಗಿ, ಅತ್ತೆ ಟಾರ್ಪಾಲು ಕತ್ತರಿಸುತ್ತಿದ್ದ ಉದ್ದನೆಯ ಹಲಗೆಯನ್ನು ಒಬ್ಬಳೇ ಎಳೆದು ತಂದು ಅಂಗಳದಲ್ಲಿ ಹಾಕಿದಳು. ಒದ್ದೆ ಬಟ್ಟೆಯಿಂದ ಅದನ್ನು ಒರೆಸಿದಳು.

"ನೀರಿಂದ ಅವರನ್ನ ಎತ್ಕೊಂಡು ಬಂದಿದ್ದು ಮತ್ತೆ ನೀರಿಗಿಳಿಸೋಕಲ್ಲ. ಇದರ ಮೇಲೆ ಮಲಗಿಸಿ. ಗೋಡೆ ದಾಟಿಸೋಣ. ಟಾರ್ಪಾಲು ಅಲ್ಲೇ ಇದೆ."

"ಅಮ್ಮ, ಒಂದು—"

"ಆಮೇಲೆ ಪುಟ್ಟಿ. ಈ ಹಗ್ಗ ಹಿಡ್ಕೋ."

*

ಚಂಡಮಾರುತದ ಆ ಸಂಜೆ ಸಮುದ್ರ ಹಳ್ಳದ ದಾರಿ ಹಿಡಿದು ಓಣಿಗೆ ಬಂದಿತ್ತು. ತಗಡುಗಳು ಹಕ್ಕಿಗಳ ಹಾಗೆ ಹಾರಿದವು. ಎಲ್ಲರೂ ಎತ್ತರದ ಕಡೆಗೆ, ಗೇಟಿಗೆ ಓಡಿದರು. ಬೀಗ ಹಾಕಿತ್ತು. ಬಡಿದರು, ಕೂಗಿದರು. ನೀರು ಸೊಂಟಕ್ಕೆ ಬಂತು. ಗೋಡೆ ಹತ್ತಲು ಹೋದ ಗಾರೆ ಮಾವ ಕೈ ಕೊಯ್ದುಕೊಂಡು ಕೆಳಗೆ ಬಿದ್ದ.

ಆಗ ದಬ್ಬಣದಜ್ಜಿ ನೀರಲ್ಲಿ ಏನನ್ನೋ ಎಳೆದುಕೊಂಡು ಬಂದಳು. ಮೇಲಿನ ಬೀದಿಯ ಕಾರ್ ಶೆಡ್ಡಿಗೆಂದು ಹೊಲಿದಿಟ್ಟಿದ್ದ ದಪ್ಪ ಟಾರ್ಪಾಲು.

"ಮಡಿಚ್ರೋ! ಇನ್ನೂ ಮಡಿಚಿ! ಗಾಜಿನ ಮೇಲೆ ಹಾಕಿ," ಎಂದಳು. "ಮೊದಲು ಮಕ್ಕಳು. ಆಮೇಲೆ ಹೆಂಗಸ್ರು. ಮೀಸೆ ಇರೋರು ಕೊನೇಗೆ!"

ಗಾಳಿ ಕಿತ್ತುಕೊಂಡು ಹೋಗದಂತೆ ಅದರ ತುದಿಯನ್ನು ಕೈಗೆ ಸುತ್ತಿಕೊಂಡು ಅವಳು ನೀರಲ್ಲೇ ನಿಂತಳು. ಕೊನೆಯ ಮೀಸೆ ದಾಟಿದ ಮೇಲೆ ಮಗ ಇಳಿದು ಬಂದು ಅವಳನ್ನು ಎತ್ತಿಕೊಂಡ.

ಗೋಡೆಯ ನೆತ್ತಿಯ ಮೇಲಿಂದ ಮೊಮ್ಮಗಳು ಒಂದು ಕಿಟಕಿ ಕಂಡಿದ್ದಳು. ಅಲ್ಲೊಬ್ಬರು ಮೇಣದಬತ್ತಿ ಹಿಡಿದು ನಿಂತಿದ್ದರು. ಅವಳು ಕೈ ಬೀಸಿದಳು. ಪರದೆ ಮುಚ್ಚಿಕೊಂಡಿತು.

ಗಾಳಿ ನಿಂತ ಮೇಲೆ ಸೆಕ್ರೆಟರಿ ಬಂದು, ಅವತ್ತು ಕತ್ತಲಲ್ಲಿ ಕೀ ಸಿಗಲಿಲ್ಲ, ಗಾಳಿಗೆ ಕೂಗೂ ಕೇಳಿಸಲಿಲ್ಲ ಎಂದರು. ಹೋಗುವಾಗ, ತಮ್ಮ ಟಾರ್ಪಾಲು ಯಾವಾಗ ಸಿಗುತ್ತದೆ ಎಂದೂ ಕೇಳಿದರು.

"ಗೋಡೆ ಮೇಲಿದೆ, ನೋಡ್ಕೊಳಿ," ಅಜ್ಜಿ ಕೆಮ್ಮುತ್ತಾ ಅಂದಳು. "ಅಳತೆ ತೆಗೆದು ಹೊಲಿದ ಹಾಗೆ ಕೂತಿದೆ. ನಾನಂತೂ ತೆಗೆಯಲ್ಲ."

ಅವರು ಹೋದ ಮೇಲೆ ಮೊಮ್ಮಗಳು ಅಜ್ಜಿಯ ಕಿವಿಗೆ ಬಾಯಿಟ್ಟು ಏನೋ ಕೇಳಿದಳು. ಅಜ್ಜಿ ತಿರುಗಿ ನೋಡಿದಳು. "ನನ್ನ ಕಿವೀಲಿ ಯಾಕೆ ಕೇಳ್ತೀಯೇ? ಗೊತ್ತಿರೋರ ಹತ್ರ ಕೇಳು. ಪಿಸುಗುಟ್ಬೇಡ, ಬಾಯಿಬಿಟ್ಟು ಕೇಳು."

*

ಗೋಡೆಯ ಈಚೆ ಮೀನಿನಕ್ಕನ ಮೇಜು, ಆಚೆ ಗಾರೆ ಮಾವನ ಏಣಿ. ಅಜ್ಜಿಯನ್ನು ಹಲಗೆಗೆ ಮೃದುವಾಗಿ ಕಟ್ಟಿದ್ದರು. ಗಂಟು ಹಾಕಿದವಳು ಸೊಸೆಯೇ. ಪ್ರತಿ ಗಂಟಿನ ಮೇಲೂ ಇನ್ನೊಂದು ಗಂಟು. ಟಾರ್ಪಾಲಿನ ತುದಿ ಸರಿಯದಂತೆ ಹಿಡಿಯಲು ಹುಡುಗಿಯನ್ನು ಗೋಡೆಯ ಮೇಲೆ ಕೂರಿಸಿದರು.

"ಹುಷಾರು, ಕಾಲ ಕಡೆ ಎತ್ತಿ," ಎಂದಳು ಮೀನಿನಕ್ಕ. "ಅಜ್ಜಿ ಎಷ್ಟು ಹಗುರ ನೋಡು! ಇವಳ ಬೈಗುಳ ಎಷ್ಟು ಭಾರ ಇರ್ತಿತ್ತು!"

ನಗುತ್ತಾ, ಅಳುತ್ತಾ ಎತ್ತಿದರು. ಹಲಗೆ ಗೋಡೆಯ ನೆತ್ತಿಗೆ ಬಂತು. ಕೆಳಗೆ ಗಾಜು ಕರಕರ ಎಂದಿತು. ಟಾರ್ಪಾಲು ಹರಿಯಲಿಲ್ಲ.

ಮೇಲಿನ ಬೀದಿಯ ಬಾಲ್ಕನಿಗಳಲ್ಲಿ ಜನ ಬಂದು ನಿಂತರು. ಒಬ್ಬರು ಫೋನು ಹಿಡಿದು ಚಿತ್ರ ತೆಗೆಯತೊಡಗಿದರು. ಅವತ್ತು ಪರದೆ ಮುಚ್ಚಿದ ಆ ಕಿಟಕಿಯ ಮನೆಯಿಂದಲೇ ಸೆಕ್ರೆಟರಿ ಚಪ್ಪಲಿಯನ್ನೂ ಮೆಟ್ಟದೆ ಓಡಿ ಬಂದರು.

"ಇಳಿಸ್ರೀ, ಇಳಿಸಿ! ನೋಡಿದೋರು ಏನಂದ್ಕೊಳ್ತಾರೆ? ಗೇಟು ತೆಗೀತೀನಿ, ಮರ್ಯಾದೆಯಿಂದ ಬನ್ನಿ."

"ಮರ್ಯಾದೆಯಿಂದಲೇ ಬರ್ತಿದೀವಿ ಸಾರ್," ಏಣಿಯ ಮೇಲಿಂದ ಗಾರೆ ಮಾವ ಅಂದ. "ಅರ್ಧ ದಾಟಾಯ್ತು."

ಸೆಕ್ರೆಟರಿ ಕೈ ಮೇಲೆತ್ತಿದರು. ಬೆರಳಿನಲ್ಲಿ ಕೀ ಗೊಂಚಲು ತೂಗುತ್ತಿತ್ತು, ಬಿಸಿಲಿಗೆ ಫಳಫಳ ಅನ್ನುತ್ತಿತ್ತು.

ಹುಡುಗಿ ಅದನ್ನು ನೋಡಿದಳು. ಟಾರ್ಪಾಲಿನ ತುದಿಯನ್ನು ಕೈಗೆ ಇನ್ನೊಂದು ಸುತ್ತು ಸುತ್ತಿಕೊಂಡಳು. ಬಿಚ್ಚಿದ ಕಡೆಯ ಕೂದಲು ಗಾಳಿಗೆ ಮುಖದ ಮೇಲೆ ಹಾರುತ್ತಿತ್ತು, ಬಾಚಣಿಗೆ ಇನ್ನೂ ಅದರಲ್ಲೇ ಸಿಕ್ಕಿಕೊಂಡಿತ್ತು.

"ಅಮ್ಮ, ಒಂದು ಕೇಳ್ಲಾ?"

ಮೇಜಿನ ಮೇಲೆ ನಿಂತು ಎರಡೂ ಕೈಯಲ್ಲಿ ಹಲಗೆ ಹಿಡಿದಿದ್ದ ಅಮ್ಮ ಮಗಳ ಮುಖ ನೋಡಿದಳು.

"ಕೇಳು," ಎಂದಳು.

ಹುಡುಗಿ ಆಚೆ ತಿರುಗಿದಳು. ಬಾಲ್ಕನಿಗಳಿಗೆಲ್ಲ ಕೇಳಿಸುವ ಹಾಗೆ ಬಾಯಿಬಿಟ್ಟು ಕೇಳಿದಳು:

"ಮಾಮ, ಅವತ್ತೂ ಈ ಕೀ ನಿಮ್ಮ ಕೈಲೇ ಇತ್ತಾ?"