ಬಿಲ್ಲಿನಲ್ಲಿದ್ದ ಸೇವೆ

“ಎಲೆ ಅಡಿ ಇಟ್ಟ ದುಡ್ಡ ಸೆರಗಿಗೆ ಗಂಟು ಹಾಕ್ಕಂಡು ಹೋಯ್ತಿದ್ಯಲ್ಲೇ ಮುಂಡೆ, ಇದೇನು ನಿಮ್ಮಪ್ಪ ಕಟ್ಟಿಸಿದ್ ಹೋಟ್ಲಾ?”

ಊಟದ ಹೊತ್ತು. ಕಿಬ್ಬನಹಳ್ಳಿಯ ಹೆದ್ದಾರಿ ಬದಿಯ ಆ ಹೋಟೆಲಿನಲ್ಲಿ ಒಂದು ಕುರ್ಚಿಯೂ ಖಾಲಿ ಇರಲಿಲ್ಲ. ಮಾಲೀಕ ರೇಣುಕಪ್ರಸಾದ್ ಗಲ್ಲಾದ ಮೇಲೆ ಕೂತು ಆಡಿದ ಮಾತು ಅಷ್ಟೂ ಜನರ ಕಿವಿಗೆ ಬಿತ್ತು. ಉಣ್ಣುತ್ತಿದ್ದವರು ಒಂದು ಗಳಿಗೆ ತಲೆಯೆತ್ತಿ ನೋಡಿ, ಮತ್ತೆ ಎಲೆಗೆ ಬಗ್ಗಿದರು. ಎಂಜಲೆಲೆಯ ಬುಟ್ಟಿಯನ್ನು ಸೊಂಟಕ್ಕೆ ಆನಿಸಿಕೊಂಡಿದ್ದ ಗಂಗಲಕ್ಷ್ಮಿ ನಿಂತಲ್ಲೇ ನಿಂತಳು.

“ಕದೀಲಿಲ್ಲ ಸಾಮಿ. ಆ ಯಪ್ಪನೇ ಇಟ್ಕಳವ್ವ ಅಂದ್ರು.”

“ಅವನಂದ್ರೆ ಆಗೋಯ್ತಾ? ಬಿಲ್ಲಲ್ಲೇ ಸೇವೆ ಅಂತ ಹಾಕ್ತೀವಿ. ಅದ್ರ ಮ್ಯಾಲೆ ನೀನೂ ಕಿತ್ಕಂಡ್ರೆ ನಾಳೀಕೆ ಯಾವನ್ ಬತ್ತಾನೆ ಇಲ್ಲಿಗೆ? ಬಿಚ್ಚು ಗಂಟ.”

ಬಿಚ್ಚಿದಳು. ನೋಟನ್ನು ಗಲ್ಲಾದ ಮೇಲಿಡಲು ಹೋದಾಗ ಅವನು ಮಾರುದ್ದ ಹಿಂದೆ ಸರಿದ.

“ಇಲ್ಲಿ ಮಡಗಬ್ಯಾಡ, ಎಂಜಲು. ಸಾಮಿ ಡಬ್ಬಿಗೆ ಹಾಕು. ಇನ್ನೊಂದ್ ಸಲ ಕಂಡ್ರೆ ನಾರಿನ ಫ್ಯಾಕ್ಟ್ರಿಗೇ ಹೋಗ್ಬುಡು. ಕೆಮ್ಕಂಡು ಬಿದ್ದಿರು ಅಲ್ಲೇ.”

ಗೋಡೆಯ ಫೋಟೋದ ಕೆಳಗಿದ್ದ ಕಾಣಿಕೆ ಡಬ್ಬಿಗೆ ಹಾಕಿದಳು. ಹಾಕಿ ಕೈ ಮುಗಿದಳು.

ತೆಂಗಿನ ನಾರಿನ ಕಾರ್ಖಾನೆಯ ಧೂಳು ಅವಳ ಎದೆಯೊಳಗೆ ಇನ್ನೂ ಕೂತಿತ್ತು. ಕಫದಲ್ಲಿ ರಕ್ತ ಕಾಣಿಸಿಕೊಂಡಾಗ ತಿಪಟೂರಿನ ಡಾಕ್ಟರು, ಮತ್ತೆ ಆ ಕೆಲಸಕ್ಕೆ ಹೋದರೆ ನನ್ನ ಹತ್ತಿರ ಬರಲೇಬೇಡ ಎಂದಿದ್ದರು. ಅವಳನ್ನು ಕರೆದು ಕೆಲಸ ಕೊಡಲು ಉಳಿದದ್ದು ಎರಡೇ ಜಾಗ, ಈ ಹೋಟೆಲು ಇಲ್ಲವೇ ಆ ಧೂಳು.

ಸೇವೆ ಎಂಬ ಮಾತು ಅವಳಿಗೆ ಹೊಸದಾಗಿರಲಿಲ್ಲ. ಊರಿನ ಗುಡಿಯಲ್ಲಿ ಹೂವಿನ ಸೇವೆ, ಅಭಿಷೇಕದ ಸೇವೆ ಎಂದು ಉಳ್ಳವರು ಚೀಟಿ ಬರೆಸುತ್ತಿದ್ದರು. ಅವಳ ಕೇರಿಯವರು ಹೊಸ್ತಿಲಿನಾಚೆ ನಿಂತು ಮಂಗಳಾರತಿಯ ಬೆಳಕನ್ನು ದೂರದಿಂದಲೇ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು. ಹೋಟೆಲಿನ ಬಿಲ್ಲಿನ ಕೊನೆಗೆ ‘ಸೇವೆ’ ಎಂದು ಅಚ್ಚಾಗಿದ್ದನ್ನು ಅಕ್ಷರ ಕೂಡಿಸಿ ಓದಿದಾಗ, ಗಲ್ಲಾದ ಮೇಲಿನ ರೇವಣಸಿದ್ದೇಶ್ವರ ಸ್ವಾಮಿಯ ಫೋಟೋ ನೋಡಿ, ಅದು ಆ ಸ್ವಾಮಿಗೆ ಸಲ್ಲುವ ದುಡ್ಡೆಂದೇ ತಿಳಿದಳು. ಅಲ್ಲವೆಂದು ಯಾರೂ ಹೇಳಲಿಲ್ಲ. ಗುಡಿಯೊಳಗೆ ಕಾಲಿಡದ ತನಗೂ ಎಲೆ ಎತ್ತುವುದರಲ್ಲಿ ಸ್ವಾಮಿಯ ಕೆಲಸದ ಒಂದು ಚೂರು ಒದಗಿತಲ್ಲ ಎಂದು ಅವಳ ಮನಸ್ಸು ತಣ್ಣಗಾಗುತ್ತಿತ್ತು. ಸ್ವಾಮಿಯ ಹೆಸರು ಹೇಳಿಕೊಂಡೇ ಮೇಜು ಒರೆಸುತ್ತಿದ್ದಳು.

“ಅಷ್ಟೊಂದ್ ಸೇವೆ ಆಯ್ತದೆ ಅಂತೀಯ, ನಾನ್ ಬಂದಾಗಿಂದ್ಲೂ ಸಾಮಿ ಕೊಳ್ಳಾಗೆ ಅದೇ ಪ್ಲಾಸ್ಟಿಕ್ ಹಾರ ಕಣಕ್ಕ,” ಎಂದು ಅಡುಗೆಯ ಮಾಯಣ್ಣ ಛೇಡಿಸುವುದಿತ್ತು.

“ಬಾಯಿಗೆ ಹುಳ ಬಿದ್ದಾತು, ಸುಮ್ಕಿರಪ್ಪ,” ಎನ್ನುತ್ತಿದ್ದಳು.

ಬೈಗುಳ ತಿಂದ ಮುಖ ಒರೆಸಿಕೊಂಡು ಅವಳು ಕಿಟಕಿ ಪಕ್ಕದ ಮೇಜಿಗೆ ಹೋದಳು. ಅಲ್ಲಿ ಕಾರಿನಲ್ಲಿ ಬಂದ ಗಂಡ ಹೆಂಡತಿ ಉಂಡು ಮುಗಿಸಿದ್ದರು. ಹೆಂಡತಿ ಆಶಾ ಎಲೆಯ ಪಕ್ಕ ಒಂದು ನೋಟಿಟ್ಟು, ಬಿಲ್ಲಿನ ಮೇಲೆ ಕಣ್ಣಾಡಿಸಿ, ಇಟ್ಟಿದ್ದನ್ನು ವಾಪಸು ಎತ್ತಿಕೊಂಡಳು.

“ತಪ್ಪು ತಿಳ್ಕೋಬೇಡಮ್ಮ. ನಿಮ್ಮ ಸೇವೆ ದುಡ್ಡು ಬಿಲ್ಲಲ್ಲೇ ಹಾಕಿದಾರೆ. ಎರಡೆರಡು ಸಲ ಯಾಕೆ ಕೊಡ್ಲಿ?”

“ಅದು ಸಾಮಿ ಸೇವೆ ಕಣವ್ವ.”

“ಯಾವ ಸ್ವಾಮಿ?”

“ಅಗೋ, ಫೋಟದಾಗವ್ರಲ್ಲ.”

ಆಶಾಗೆ ನಗು ಬಂತು. “ರವೀಂದ್ರ, ಕೇಳಿದ್ರಾ? ದೇವರ ಸೇವೆಯಂತೆ. ಅಲ್ಲಮ್ಮ, ನೀವು ಬಡಿಸಿದ್ದಕ್ಕೆ, ಎಲೆ ಎತ್ತಿದ್ದಕ್ಕೆ ಅಂತ ನಮ್ಮ ಹತ್ರ ತಗೊಳ್ಳೋದು ಇದು. ನಿಮಗೆ ಸೇರ್ಬೇಕಾದ್ದು.”

ಗಂಗಲಕ್ಷ್ಮಿಯ ಕೈಯಲ್ಲಿದ್ದ ಎಲೆ ಓರೆಯಾಗಿ, ಮಜ್ಜಿಗೆ ಅವಳ ಪಾದದ ಮೇಲೆ ಸುರಿಯಿತು.

ಆಶಾ ಗಲ್ಲಾದ ಮುಂದೆ ನಿಂತಳು. “ಇದು ಕೆಲಸದವ್ರಿಗೆ ಹೋಗುತ್ತಾ? ಇಲ್ಲ ಅಂದ್ರೆ ತೆಗೆದುಬಿಡಿ. ಬಲವಂತ ಮಾಡೋ ಹಾಗಿಲ್ಲ.”

“ಅಯ್ಯೋ, ಅವ್ರಿಗೇ ಮೇಡಂ. ಒಂದು ಪೈಸೆ ನಾವು ಮುಟ್ಟಲ್ಲ,” ರೇಣುಕಪ್ರಸಾದ್ ನಕ್ಕ. “ಬೇಕಾದ್ರೆ ಕೇಳಿ. ಗಂಗಲಕ್ಷ್ಮಮ್ಮ, ಬಾರಮ್ಮ ಇಲ್ಲಿ.”

ಅವನ ಬಾಯಲ್ಲಿ ತನ್ನ ಹೆಸರಿಗೆ ‘ಅಮ್ಮ’ ಸೇರಿದ್ದನ್ನು ಅವಳು ಕೇಳಿದ್ದು ಅದೇ ಮೊದಲು. ಬುಟ್ಟಿ ಹೊತ್ತುಕೊಂಡೇ ಬಂದಳು.

“ಸೇವೆ ದುಡ್ಡು ನಿಮಗೇ ಕೊಡ್ತೀವಲ್ವಾ? ಹೇಳಮ್ಮ ಮೇಡಂಗೆ.”

ಅವನ ತುಟಿ ನಗುತ್ತಿತ್ತು. ಕಣ್ಣು ಮಾತ್ರ ರಸ್ತೆಯಾಚೆ ನಾರಿನ ಲೋಡು ಹೊತ್ತು ನಿಂತಿದ್ದ ಲಾರಿಯ ಕಡೆಗೊಮ್ಮೆ ಹೋಗಿ ಅವಳ ಮುಖಕ್ಕೆ ಬಂತು. ಗಂಗಲಕ್ಷ್ಮಿ ಫೋಟೋ ನೋಡಿದಳು. ದಿನವೂ ತಾನಾಗಿ ನಾಲಿಗೆಗೆ ಬರುತ್ತಿದ್ದ ಹೆಸರು ಬರಲಿಲ್ಲ. ಎದೆಯಿಂದ ಕೆಮ್ಮು ಎದ್ದಿತು. ನುಂಗಿಕೊಂಡಳು.

“ಕೊಡ್ತೀವಿ ಅಂತ ಅವ್ರೇ ಅಂದ ಮ್ಯಾಲೆ ನಾನ್ಯಾಕೆ ಇಲ್ಲ ಅನ್ಲವ್ವ.”

ರೇಣುಕಪ್ರಸಾದನ ಭುಜ ಸಡಿಲವಾಯಿತು. ಅವಳು ಬುಟ್ಟಿಯನ್ನು ನೆಲಕ್ಕಿಳಿಸಿದಳು.

“ಹಂಗಾರೆ ಕೊಡಿ ಸಾಮಿ, ಇವತ್ತಿಂದು. ಈ ಅವ್ವ ಇರೋವಾಗ್ಲೇ ಕೊಟ್ಬುಡಿ.”

ಒದ್ದೆ ಅಂಗೈ ಗಲ್ಲಾದ ಮೇಲೆ ಬಂದು ನಿಂತಿತು.

“ಆಮ್ಯಾಕೆ ನೋಡಣ. ಒಳಕ್ಕೋಗು.”

“ಆಮ್ಯಾಕೆ ಯಾಕೆ? ನಂದೇ ಅಂದ್ರಲ್ಲ.”

“ಏನೇ, ಕೊಬ್ಬಾ?” ಎಂದವನು ಆಶಾಳ ಮುಖ ನೋಡಿ ದನಿ ತಗ್ಗಿಸಿದ. “ಒಳಕ್ಕೋಗಮ್ಮ.”

ರವೀಂದ್ರ ಹೆಂಡತಿಯ ತೋಳು ಹಿಡಿದ. “ಬಾರೇ, ಇವ್ರ ಜಗಳ ನಮಗ್ಯಾಕೆ? ಹಾಸನ ಸೇರೋದು ಹೊತ್ತಾಗುತ್ತೆ.” ಆಶಾ ಒಮ್ಮೆ ಆ ಅಂಗೈ ನೋಡಿದಳು, ಒಮ್ಮೆ ಗಂಡನನ್ನು. ಆಮೇಲೆ ಬಿಲ್ಲಿನ ದುಡ್ಡು ಪೂರ್ತಿ ಎಣಿಸಿಟ್ಟು, ಚಿಲ್ಲರೆ ಇಸಿದುಕೊಂಡು ಹೋದಳು. ಹೊರಗೆ ಕಾರು ಹೊರಟ ಸದ್ದಾಯಿತು.

“ಹೋದ್ಲು ನಿಮ್ಮವ್ವ,” ಎಂದ ರೇಣುಕಪ್ರಸಾದ್. “ಈಗ ಹೇಳೇ, ಬೋಸುಡಿ. ಏನ್ ಬೇಕು ನಿಂಗೆ?”

“ನಂದು.”

ಕೈ ಕದಲಲಿಲ್ಲ. ಅಡುಗೆಮನೆ ಬಾಗಿಲ ಪರದೆ ಸರಿಸಿಕೊಂಡು ಮಾಯಣ್ಣ ಹೊರಬಂದ. ಹೆಗಲ ಟವೆಲಿನಲ್ಲಿ ಕೈ ಒರೆಸಿಕೊಂಡು, ಏನೂ ಕೇಳದೆ, ಅವಳ ಅಂಗೈ ಪಕ್ಕ ತನ್ನದನ್ನೂ ಚಾಚಿದ.

“ನಂದೂ ಕೊಟ್ಬುಡಿ, ಒಂದೇ ಸಲ.”

ರೇಣುಕಪ್ರಸಾದ್ ಗಲ್ಲಾದ ಡ್ರಾಯರು ಮುಚ್ಚಿ, ಹೊಟ್ಟೆಯಿಂದ ಒತ್ತಿ ಹಿಡಿದು ನಿಂತ. ಹಿಂದಿನ ಮೇಜಿನವರು ಸಾರು, ಸಾರು ಎಂದು ಕೂಗಿ, ಲೋಟದಿಂದ ಮೇಜು ಕುಟ್ಟತೊಡಗಿದರು. ಒಲೆಯ ಮೇಲಿದ್ದ ಅನ್ನ ತಳ ಹಿಡಿದು ಸೀದ ವಾಸನೆ ಹೋಟೆಲಿನ ತುಂಬ ಹರಡಿತು. ಒಳಕ್ಕೆ ಯಾರೂ ಹೋಗಲಿಲ್ಲ.