ನೈವೇದ್ಯದ ಉಳ್ಳಾಗಡ್ಡಿ

ನನ್ನ ಹುಲ್ಯಾನನ್ನು ಕೊಂದವನು ದೇವೀಂದ್ರಪ್ಪ. ಕೊಂದದ್ದು ಕೋಲಿನಿಂದಲ್ಲ, ವಿಷದಿಂದಲ್ಲ, ದೇವರ ನೈವೇದ್ಯದಿಂದ. ಅದಕ್ಕೇ ಊರೆಲ್ಲ ಅವನಿಗೆ ಕೈಮುಗಿಯಿತು, ನನಗೆ ಬೆನ್ನು ಹಾಕಿತು. ಹೇಳುವಾಗ ಈಗಲೂ ಮೈ ಉರಿಯುತ್ತದೆ. ಆದರೂ ಹೇಳಿಯೇ ತೀರುತ್ತೇನೆ.

ಕಮಲಾಪುರದಲ್ಲಿ ನನ್ನದೊಂದು ಕೆಂಪು ಬಾಳೆಯ ತೋಟ. ಗಂಡ ಸತ್ತ ಮೇಲೆ ಅದನ್ನು ಕಾಯಲು ಇದ್ದವರು ನಾನು ಮತ್ತು ನನ್ನ ನಾಯಿ ಹುಲ್ಯಾ, ಇಬ್ಬರೇ. ಪಕ್ಕದ ಹೊಲ ದೇವೀಂದ್ರಪ್ಪನದು. ನಡುವಿನ ಬಾಂದಗಲ್ಲನ್ನು ನನ್ನ ಕಡೆಗೆ ಸರಿಸಬೇಕೆಂದು ಅವನಿಗೆ ಬಹಳ ದಿನದ ಆಸೆ. ಹಾರೆ ಹಿಡಿದು ಬದುವಿಗೆ ಬಂದಾಗಲೆಲ್ಲ ಹುಲ್ಯಾ ಊರಿಗೆ ಕೇಳುವಂತೆ ಬೊಗಳುತ್ತಿತ್ತು. ಎರಡು ಸಲ ಅವನ ಧೋತರವನ್ನೇ ಹರಿದು ಕೈಗೆ ಕೊಟ್ಟಿತ್ತು.

ನಮ್ಮ ಕಡೆ ಮಾರ್ಗಶಿರದಲ್ಲಿ ಮೈಲಾರಲಿಂಗನಿಗೆ ಆರು ದಿನದ ಪೂಜೆ. ಉಳ್ಳಾಗಡ್ಡಿ ಅಂದರೆ ಈರುಳ್ಳಿ, ಬಳ್ಳೊಳ್ಳಿ ಅಂದರೆ ಬೆಳ್ಳುಳ್ಳಿ; ಅವೆರಡನ್ನೂ ಹಾಕಿದ ಬದನೆಕಾಯಿ ಭರ್ತ ಮತ್ತು ಸಜ್ಜೆ ರೊಟ್ಟಿ ಅವನ ನೈವೇದ್ಯ. ನಾಯಿ ಆ ದೇವರ ಜೊತೆಗಾರ, ಹಾಗಾಗಿ ಮೊದಲ ತುತ್ತು ನಾಯಿಗೆ. ಅದು ಬಾಯಿ ಹಾಕಿದ ಮೇಲೆಯೇ ನಮ್ಮ ಊಟ. ಅದರ ಮುಂದಿಟ್ಟ ನೈವೇದ್ಯವನ್ನು ಯಾರೂ ತಡೆಯುವಂತಿಲ್ಲ, ತೆಗೆಯುವಂತಿಲ್ಲ. ತೆಗೆದರೆ ದೇವರ ಬಾಯಿಂದಲೇ ಕಿತ್ತುಕೊಂಡಂತೆ ಎಂದು ನಂಬಿದವರು ನಾವು.

ಹೋದ ವರ್ಷದ ಪೂಜೆಯಲ್ಲಿ ದೇವೀಂದ್ರಪ್ಪ ಹಣೆ ತುಂಬ ದೇವರ ಅರಿಸಿನದ ಭಂಡಾರ ಬಳಿದುಕೊಂಡು ನನ್ನ ಬಾಗಿಲಿಗೆ ಬಂದ. ಕೈಯಲ್ಲಿ ಪರಾತದ ತುಂಬ ಭರ್ತ.

“ನೀಲಗಂಗಮ್ಮ, ನಿಮ್ಮ ನಾಯಿ ಜೋಡಿ ಬಾಳ ಜಗಳಾಡೀನಿ. ತಪ್ಪಾಯ್ತು. ಆರು ದಿನ ಅದಕ್ಕ ನೈವೇದ್ಯ ಉಣಿಸ್ತೀನಂತ ಹರಕಿ ಹೊತ್ತೀನ್ರೀ,” ಎಂದ.

ನನ್ನ ಕಣ್ಣಲ್ಲಿ ನೀರು ಬಂತು. ಎಂಥ ಹುಚ್ಚಿ ನೋಡಿ ನಾನು! ಹುಲ್ಯಾ ಎರಡು ಸಲ ಮೂಸಿ ಹಿಂದೆ ಸರಿದರೆ, ಕುತ್ತಿಗೆ ಹಿಡಿದು ಪರಾತದ ಮುಂದೆ ಕೂರಿಸಿದವಳು ನಾನೇ. “ತಿನ್ನು, ದೇವರದು,” ಎಂದು ತಲೆ ಸವರಿ ತಿನ್ನಿಸಿದೆ. ಅವನು ಮೇಲೆ ತುಪ್ಪ ಸುರಿದಿದ್ದ. ಮರುದಿನದಿಂದ ಹುಲ್ಯಾ ತಾನೇ ತಿಂದಿತು.

ನಾಲ್ಕನೆಯ ದಿನ ಅದು ವಾಂತಿ ಮಾಡಿತು. ಐದನೆಯ ದಿನ ಮೂತ್ರ ಕೆಂಪಗಾಯಿತು. ಪೂಜೆ ಮುಗಿಯುವ ಹೊತ್ತಿಗೆ ಅದರ ಒಸಡು ಸುಣ್ಣದಂತೆ ಬೆಳ್ಳಗಾಗಿತ್ತು. ಎದ್ದು ನಿಂತರೆ ಕಾಲು ನಡುಗುತ್ತಿದ್ದವು. ಎಂಟನೆಯ ದಿನ ನನ್ನ ತೊಡೆಯ ಮೇಲೆ ತಲೆಯಿಟ್ಟು ಸತ್ತುಹೋಯಿತು.

ಆಮೇಲೆ ದೇವೀಂದ್ರಪ್ಪ ಗುಡಿಯ ಕಟ್ಟೆಯ ಮೇಲೆ ಕೂತು ಹೇಳಿದ ಮಾತು ಕೇಳಿ: “ನಾ ಭಕ್ತಿಲೆ ಕೊಟ್ಟೆ. ಮೈಲಾರಪ್ಪ ಒಪ್ಪಲಿಲ್ಲ. ಆ ಮನಿಯಾಗ ಏನೋ ಮೈಲಿಗಿ ಅದ.” ಊರು ನಂಬಿತು. ಗಂಡನಿಲ್ಲದ ಹೆಂಗಸಿನ ಮನೆಯಲ್ಲಿ ಮೈಲಿಗೆ ಇದೆ ಎಂದರೆ ಯಾರು ತಾನೇ ನಂಬುವುದಿಲ್ಲ! ಪೂಜೆಗೆ ನನ್ನ ಬಾಳೆಹಣ್ಣು ಒಯ್ಯುವುದನ್ನು ಬಿಟ್ಟರು. ನೆರೆಯ ಭಾಗಮ್ಮ ನನ್ನ ನೆರಳು ಸೋಕಿತೆಂದು ಕೊಡದ ನೀರು ಚೆಲ್ಲಿದಳು. ಅದೇ ತಿಂಗಳು ಬಾಂದಗಲ್ಲು ಮೂರು ಸಾಲು ಬಾಳೆ ದಾಟಿ ನನ್ನ ತೋಟದೊಳಗೆ ಬಂದು ಕೂತಿತು. ಪೊಲೀಸ್ ಠಾಣೆಯ ಅಮೀನರ ಮುಂದೆ ಹೋಗಿ ಅಳಲೆ? ನಾಯಿಗೆ ಪ್ರಸಾದ ಹಾಕುವುದು ಯಾವ ಸರಕಾರದಲ್ಲಿ ಗುನ್ಹೆ?

ಊರಲ್ಲಿ ಹಣ್ಣು ಹೋಗದೆ ಕಲಬುರಗಿಗೆ ಬಂಡಿ ಕಟ್ಟಿದೆ. ಸ್ಟೇಶನ್ ಬಜಾರಿನಲ್ಲಿ ಬುಟ್ಟಿ ಇಟ್ಟುಕೊಂಡು ಕೂತರೆ, ಯಾರ ಮನೆಯ ಹಣ್ಣು ಎಂದು ಕೇಳದೆ ಜನ ಹಣ್ಣು ಕೊಳ್ಳುತ್ತಿದ್ದರು. ಅಲ್ಲಿಗೆ ಬರುತ್ತಿದ್ದವರು ಬುರ್ಹಾನುದ್ದೀನ್ ಸಾಬರು. ಐವಾನ್-ಎ-ಶಾಹಿ ಅರಮನೆ ಕಡೆಯ ಒಬ್ಬ ಜಾಗೀರದಾರರ ಬೇಟೆ ನಾಯಿಗಳನ್ನು ಸಾಕುವುದೇ ಅವರ ಕೆಲಸ.

ಒಂದು ಮಧ್ಯಾಹ್ನ ನಾನು ಬುತ್ತಿ ಬಿಚ್ಚಿದ್ದೆ. ಅವರ ಕೈಯ ಸರಪಳಿಯಲ್ಲಿದ್ದ ನಾಯಿ ನನ್ನ ರೊಟ್ಟಿಗೆ ಮೂತಿ ಚಾಚಿತು. ಹುಲ್ಯಾ ನೆನಪಾಗಿ, ರೊಟ್ಟಿಯ ತುಂಡಿಗೆ ಉಳ್ಳಾಗಡ್ಡಿ ಪಲ್ಯ ಹಚ್ಚಿ ಚಾಚಿದೆ. ಸಾಬರು ನನ್ನ ಕೈಯನ್ನು ಫಟ್ಟನೆ ಬಡಿದುಬಿಟ್ಟರು.

“ತೋಬಾ ತೋಬಾ! ಏನ್ ಮಾಡ್ತೀ ಅಕ್ಕಾ? ಉಳ್ಳಾಗಡ್ಡಿ ನಾಯಿಗೆ ಜಹರ್!”

“ನಮ್ಮೂರಾಗ ವರ್ಷಾ ಹಾಕ್ತಾರಲ್ರೀ ಸಾಬ್ರ, ದೇವರ ಹೆಸರಿಲೆ?”

“ವರ್ಷಕ್ಕೊಂದು ತುತ್ತು ತಿಂದ್ರ ದಕ್ಕಬಹುದು. ದಿನಾ ಹೊಟ್ಟಿ ತುಂಬ ಹಾಕಿದ್ರ ಒಳಗಿನ ರಕ್ತ ನೀರಾಗ್ತದ. ಬಳ್ಳೊಳ್ಳಿನೂ ಹಂಗೇ, ಒಣದ್ರಾಕ್ಷಿನೂ ಹಂಗೇ. ಬೇಯಿಸಿದ ಎಲುಬು ಕರಳು ಸೀಳ್ತದ. ನಾನು ಮರಿ ಕೊಡೋ ಮುಂದ ಇದನ್ನೆಲ್ಲ ಹೇಳೇ ಕೊಡ್ತೀನಿ. ನಿಮ್ಮ ಕಮಲಾಪುರದ ದೇವೀಂದ್ರಪ್ಪಗೂ ಹೇಳೀನಲ್ಲ, ಎರಡು ವರ್ಷದ ಹಿಂದ!”

ದೇವೀಂದ್ರಪ್ಪನ ಬೇಟೆ ನಾಯಿ ಬಾಜಿ ಇವರು ಕೊಟ್ಟ ಮರಿ! ಮಕ್ಕಳಿಲ್ಲದ ದೇವೀಂದ್ರಪ್ಪ ಅದನ್ನು ಮಗನಂತೆ ಸಾಕಿದ್ದ. ಹಾಗಾದರೆ ಅವನಿಗೆ ಗೊತ್ತಿತ್ತು. ಗೊತ್ತಿದ್ದೇ ತುಪ್ಪ ಸುರಿದು ತಂದಿದ್ದ. ಅವನ ಹೆಣಾ ಎತ್ಲಿ! ನಾನು ಬಜಾರಿನ ನಡುವೆಯೇ ಅತ್ತೆ. ಅತ್ತು ಮುಗಿದ ಮೇಲೆ ಸಾಬರ ಏಟು ಬಿದ್ದ ಕೈಯನ್ನೇ ನೋಡುತ್ತ ಕೂತೆ. ತನ್ನ ನಾಯಿಯ ಮೇಲೆ ಜೀವ ಇಟ್ಟವನ ಕೈ ಸುಮ್ಮನಿರುವುದಿಲ್ಲ ಎಂಬುದು ಆಗ ತಿಳಿಯಿತು.

ಈ ವರ್ಷದ ಮಾರ್ಗಶಿರದ ಮೊದಲ ದಿನ, ಊರೆಲ್ಲ ಗುಡಿಯ ಮುಂದೆ ಸೇರಿದ್ದಾಗ, ನಾನು ಪರಾತ ಹೊತ್ತು ಹೋದೆ. ಎರಡು ಸೇರು ಉಳ್ಳಾಗಡ್ಡಿ, ಹಿಡಿ ತುಂಬ ಬಳ್ಳೊಳ್ಳಿ, ಮೇಲೆ ಧಾರಾಳ ತುಪ್ಪ. ಬಾಜಿ ಪಾಪದ ಪ್ರಾಣಿ, ನನಗೇನೂ ಮಾಡಿರಲಿಲ್ಲ. ಅದು ಗೊತ್ತಿದ್ದೂ ಹೊತ್ತೊಯ್ದೆ. ದೇವೀಂದ್ರಪ್ಪ ತಡೆಯದಿದ್ದರೆ ಆರು ದಿನವೂ ತಿನ್ನಿಸುತ್ತಿದ್ದೆ. ನಾನು ಒಳ್ಳೆಯವಳೆಂದು ನಿಮಗೆ ಹೇಳಲು ಕೂತಿಲ್ಲ.

“ಪೂಜಾರಿ ಪೀರಪ್ಪನವರ, ನಂದೂ ಒಂದು ಹರಕಿ ಅದರೀ,” ಎಂದೆ. “ಹ್ವಾದ ವರ್ಷ ದೇವೀಂದ್ರಪ್ಪನವರು ನನ್ನ ನಾಯಿಗೆ ಆರು ದಿನ ಉಣಿಸಿದ್ರು. ಅವರ ಋಣ ನಾ ಇಟ್ಕೊಳ್ಳಂಗಿಲ್ಲ. ಅವರ ಬಾಜಿಗೆ ಆರು ದಿನ ಉಣಿಸ್ತೀನಿ.”

ಜನ “ಏಳುಕೋಟಿಗೋ!” ಎಂದು ಮೈಲಾರನಿಗೆ ಜಯಕಾರ ಕೂಗಿದರು. ದೇವೀಂದ್ರಪ್ಪನ ಮುಖ ನೋಡಬೇಕಿತ್ತು ನೀವು!

“ಅದಕ್ಕ ಮೈಯಾಗ ಆರಾಮಿಲ್ಲ,” ಎಂದ.

“ಮುಂಜಾನಿ ಮೊಲದ ಹಿಂದ ಓಡಿತ್ತಲ್ಲೋ?” ಎಂದು ಯಾರೋ ನಕ್ಕರು.

“ಅದು ಹಾಲು ಬಿಟ್ಟು ಬ್ಯಾರೆ ಏನೂ ತಿನ್ನಂಗಿಲ್ರೀ.”

ಪೀರಪ್ಪ ಹುಬ್ಬು ಗಂಟಿಕ್ಕಿದ. “ದೇವರ ನೈವೇದ್ಯಕ್ಕ ಒಲ್ಲೆ ಅಂತಾರೇನು? ನಿನ್ನ ಹರಕಿಗೆ ಆಕಿ ಒಲ್ಲೆ ಅಂದಿದ್ಲಾ? ಬಿಡು ನಾಯಿ.”

ನಾನು ಪರಾತವನ್ನು ಬಾಜಿಯ ಮುಂದಿಟ್ಟೆ. ತುಪ್ಪದ ವಾಸನೆಗೆ ಅದು ಬಾಲ ಅಲ್ಲಾಡಿಸುತ್ತ ಬಂದು ಮೂತಿ ಇಳಿಸಿತು. ಇನ್ನೇನು ನಾಲಿಗೆ ತಾಗಬೇಕು, ದೇವೀಂದ್ರಪ್ಪ ಹಾರಿಬಂದು ಪರಾತವನ್ನು ಒದ್ದ. ಭರ್ತ ದೇವರ ಮೆಟ್ಟಿಲ ಮೇಲೆಲ್ಲ ಚೆಲ್ಲಿತು.

“ಏ ಭಾಡ್ಯಾ, ನೈವೇದ್ಯ ಒದ್ದಿಯೇನೋ!” ಪೀರಪ್ಪ ಕೋಲು ಎತ್ತಿದ.

ದೇವೀಂದ್ರಪ್ಪ ನಾಯಿಯನ್ನು ಎದೆಗೆ ಅವುಚಿಕೊಂಡು ಕಿರುಚಿದ: “ಉಳ್ಳಾಗಡ್ಡಿ ತಿಂದ್ರ ನಾಯಿ ಸಾಯ್ತದರೀ! ಆರು ದಿನ ತಿನಿಸಿದ್ರ ಉಳಿಯಂಗಿಲ್ಲ!”

ನಾನು ಒಂದು ಹೆಜ್ಜೆ ಮುಂದೆ ಹೋಗಿ ಕೇಳಿದೆ. “ಹಂಗಾದ್ರ ನನ್ನ ಹುಲ್ಯಾಗ ಆರು ದಿನ ಯಾಕ ತಿನಿಸಿದಿ?”

ಅವನು ಬಾಜಿಯನ್ನು ಇನ್ನಷ್ಟು ಬಿಗಿಯಾಗಿ ಅವುಚಿಕೊಂಡ. ಬುರ್ಹಾನುದ್ದೀನ್ ಸಾಬರ ಮಾತನ್ನು ನಾನು ಅಲ್ಲೇ ಎಲ್ಲರಿಗೂ ಹೇಳಿದೆ. ಭಾಗಮ್ಮ ತಲೆ ತಗ್ಗಿಸಿದಳು. ಪೀರಪ್ಪ ಅವನ ಹಣೆಯ ಭಂಡಾರವನ್ನು ತನ್ನ ಧೋತರದ ಚುಂಗಿನಿಂದ ಒರೆಸಿಹಾಕಿ, ಇನ್ನು ಗುಡಿಯ ಮೆಟ್ಟಿಲು ಹತ್ತಬೇಡ ಎಂದ. ಆಮೇಲೆ ನನ್ನ ಕಡೆ ತಿರುಗಿ, “ತಂಗಿ, ದೇವರ ಹೆಸರು ಹೇಳಿ ನಿನಗ ಮೋಸ ಮಾಡ್ಯಾನ. ದಂಡ ಏನು ಕೇಳ್ತಿ ಕೇಳು,” ಎಂದ.

“ನನ್ನ ತೋಟಕ್ಕ ಕಾವಲಿಲ್ಲ. ಬಾಜಿ ಕೊಡಸ್ರಿ,” ಎಂದೆ.

ದೇವೀಂದ್ರಪ್ಪ ನೆಲಕ್ಕೆ ಕುಸಿದ. ಹೊಲ ಒಯ್ಯಿ, ಎತ್ತು ಒಯ್ಯಿ, ಬಾಂದಗಲ್ಲು ಈಗಲೇ ಕೀಳ್ತೀನಿ ಎಂದ. ನನ್ನ ಕಾಲು ಹಿಡಿದ. ನಾನು ಕಾಲು ಹಿಂದೆಳೆದುಕೊಂಡೆ. ನನಗೆ ಮರುಕ ಬಂತೇ ಎಂದು ಕೇಳುವವರಿದ್ದಾರೆ. ಬರಲಿಲ್ಲ. ಸರಪಳಿಯನ್ನು ಅವನ ಕೈಯಿಂದಲೇ ಇಸಿದುಕೊಂಡೆ.

ಬಾಜಿಗೆ ನಾನು ಜೋಳದ ರೊಟ್ಟಿ, ಹಾಲು ಬಿಟ್ಟು ಬೇರೇನೂ ಹಾಕುವುದಿಲ್ಲ. ಮೈ ತುಂಬಿಕೊಂಡಿದೆ. ದೇವೀಂದ್ರಪ್ಪ ದಿನಾ ಸಂಜೆ ಬದುವಿನ ಆಚೆ ಬಂದು ನಿಲ್ಲುತ್ತಾನೆ, ಮೆಲ್ಲಗೆ ಹೆಸರು ಹಿಡಿದು ಕರೆಯುತ್ತಾನೆ. ಮೊದಮೊದಲು ಅದು ಅವನನ್ನು ಕಂಡರೆ ಕುಂಯ್‌ಗುಡುತ್ತ ಸರಪಳಿ ಜಗ್ಗುತ್ತಿತ್ತು. ನಾನು ಬಿಡದೆ ಕಲಿಸಿದೆ. ಈಗ ಅವನನ್ನು ಕಂಡರೆ ಬೊಗಳುತ್ತದೆ.