ಬಗ್ಗದ ನಳಿಗೆ

"ಬಗ್ಗಿಸಬ್ಯಾಡ್ರಿ ಬೈರಯ್ಯನೋರೆ, ಅದು ಬಗ್ಗಂಗಿಲ್ಲ," ಎಂದು ಗುರುಸಿದ್ದಯ್ಯನವರು ಎರಡೂ ಕೈ ಚಾಚಿಕೊಂಡು ಮುಂದೆ ಬರುವಷ್ಟರಲ್ಲಿ ಬೈರಯ್ಯ ಬಂದೂಕಿನ ಹಿಡಿಯನ್ನು ತೊಡೆಗೆ ಆನಿಸಿಕೊಂಡು, ನಳಿಗೆಯ ತುದಿ ಹಿಡಿದು ಕೆಳಕ್ಕೆ ಜಗ್ಗಲು ಶುರುಮಾಡಿಯೇ ಬಿಟ್ಟಿದ್ದ. ಮಾತು ಕೇಳಿದ್ದೇ ಕೆಂಡ ಮುಟ್ಟಿದವನಂತೆ ಕೈ ತೆಗೆದ. ಐದು ವರ್ಷದ ಅಭ್ಯಾಸ, ಬಿಡು ಅಂದರೆ ಬಿಡುತ್ತದೆಯೇ? ಏರ್‌ಗನ್ ಕೈಗೆ ಬಂತು ಅಂದರೆ ಮೊದಲು ನಳಿಗೆ ಬಗ್ಗಿಸಬೇಕು, ಒಳಗಿನ ಸ್ಪ್ರಿಂಗು ಕಟಕ್ಕೆಂದು ಕೂರಬೇಕು, ಆಮೇಲೆ ಮಗಳ ಕೈಗೆ ಕೊಡಬೇಕು. ಬೈರಯ್ಯನ ಎಡ ಅಂಗೈಯಲ್ಲಿ ಆ ಕೆಲಸಕ್ಕೆಂದೇ ಒಂದು ಜಡ್ಡು ಬೆಳೆದಿತ್ತು.

ಮಗಳು ಜಲಜಾ ಲೇತಿನ ಪಕ್ಕ ಸ್ಟೂಲಿನ ಮೇಲೆ ಕೂತು ಮುಸಿಮುಸಿ ನಗುತ್ತಿದ್ದಳು. ಮೂರನೆಯ ವಯಸ್ಸಿನಲ್ಲಿ ಪೋಲಿಯೊ ಅವಳ ಬಲತೋಳಿನ ಕಸುವನ್ನೆಲ್ಲ ತಿಂದುಕೊಂಡು ಹೋಗಿತ್ತು. ದೇವರು ದೊಡ್ಡವನು, ಬೆರಳುಗಳನ್ನು ಮಾತ್ರ ಬಿಟ್ಟಿದ್ದ. ಎಡಗೈ ಬಂದೂಕು ಹೊರುತ್ತಿತ್ತು, ಬಲಗೈ ಬೆರಳು ಕುದುರೆ ಎಳೆಯುತ್ತಿತ್ತು. ನಳಿಗೆ ಬಗ್ಗಿಸುವುದು ಮಾತ್ರ ಅವಳಿಂದ ಆಗದ ಕೆಲಸ. ಆ ಕೆಲಸ ಅಪ್ಪನದು. ಒಂದೊಂದು ಗುಂಡಿಗೂ ಅಪ್ಪ ಬಗ್ಗಿಸಿ ಕೊಡಬೇಕು, ಮಗಳು ಹೊಡೆಯಬೇಕು, ಮತ್ತೆ ಅಪ್ಪ ಬಗ್ಗಿಸಬೇಕು.

ಕುರುಬರಹಳ್ಳಿಯ ಆ ಓಣಿಯಲ್ಲಿ ಒಂದೇ ಒಂದು ಲೇತು ಇಟ್ಟುಕೊಂಡು ಬದುಕುತ್ತಿದ್ದ ಟರ್ನರ್ ಬೈರಯ್ಯನಿಗೂ ಬಂದೂಕಿಗೂ ಎಲ್ಲಿಂದೆಲ್ಲಿಯ ನಂಟು ಅಂದರೆ, ಅದಕ್ಕೆ ಗುರುಸಿದ್ದಯ್ಯನವರೇ ಕಾರಣ. ದಾವಣಗೆರೆ ಕಡೆಯ ಜವಳಿ ವ್ಯಾಪಾರಿ, ಬಸವೇಶ್ವರನಗರದಲ್ಲಿ ಸ್ವಂತ ಮನೆ, ಹಣೆ ತುಂಬ ವಿಭೂತಿ. ಇರುವೆಯನ್ನೂ ತುಳಿಯದ ಮನುಷ್ಯನಿಗೆ ಕಾಗದದ ಗುರಿಗೆ ಗುಂಡು ಹೊಡೆಯುವ ಹುಚ್ಚು. ಭಾನುವಾರ ಅವರ ಹಿತ್ತಿಲಲ್ಲಿ ನಾಲ್ಕು ಜನ ಸೇರಿ ಅಭ್ಯಾಸ ಮಾಡುತ್ತಿದ್ದರು. ಆ ಬಂದೂಕುಗಳ ವಾಷರು, ಸ್ಪ್ರಿಂಗು ರಿಪೇರಿಗೆ ಬರುತ್ತಿದ್ದದ್ದು ಬೈರಯ್ಯನ ಹತ್ತಿರ. ಹಾಗೆ ಒಂದು ಭಾನುವಾರ ಅಪ್ಪನ ಜೊತೆ ಹೋದ ಜಲಜಾ, ಯಾರೋ ತಮಾಷೆಗೆ ಕೊಟ್ಟ ಬಂದೂಕಿನಿಂದ ನಡುಚುಕ್ಕೆಗೇ ಹೊಡೆದುಬಿಟ್ಟಳು. ತಮಾಷೆ ಮಾಡಿದವರ ಬಾಯಿ ಮುಚ್ಚಿತು. ಅವತ್ತಿನಿಂದ ಶುರುವಾದದ್ದು ಅಪ್ಪ ಮಗಳ ಈ ಜೋಡಿ ಕೆಲಸ.

ಹೋದ ವರ್ಷ ಕೆಂಗೇರಿಯ ಆಚೆ ಆಯ್ಕೆ ಸ್ಪರ್ಧೆ ನಡೆದಾಗ ಇದಕ್ಕೇ ಕಲ್ಲು ಬಿತ್ತು. ಸಾಲಿನಲ್ಲಿ ನಿಂತವರ ಬಂದೂಕನ್ನು ಇನ್ನೊಬ್ಬರು ಮುಟ್ಟುವ ಹಾಗಿಲ್ಲ ಎಂದು ಅಲ್ಲಿನ ಅಧಿಕಾರಿ ಅಪ್ಪನನ್ನು ಆಚೆ ಕಳಿಸಿದರು. ಬೈರಯ್ಯ ಕೈ ಮುಗಿದ, ಜಗಳ ಆಡಿದ, ಕೊನೆಗೆ ಅತ್ತ. ನಿಯಮ ನಿಯಮವೇ. ಜಲಜಾ ಒಂದು ಗುಂಡೂ ಹೊಡೆಯದೆ ಬಸ್ಸು ಹತ್ತಿ ವಾಪಸು ಬಂದಳು. ಈ ಸಲ ದೀಪಾವಳಿ ಕಳೆದ ಮೇಲೆ ಮತ್ತೆ ಸ್ಪರ್ಧೆ ಇತ್ತು. ತಾನೇ ತುಂಬಿಕೊಂಡು ತಾನೇ ಹೊಡೆಯುವಂಥ ಬಂದೂಕು ಸಿಕ್ಕರೆ ಹೋಗುವುದು, ಇಲ್ಲದಿದ್ದರೆ ಈ ಆಸೆಗೆ ಎಳ್ಳುನೀರು ಬಿಡುವುದು ಎಂದು ಅವಳು ಆಗಲೇ ಹೇಳಿಬಿಟ್ಟಿದ್ದಳು.

ಬೈರಯ್ಯ ಅದಕ್ಕೊಂದು ದಾರಿ ಹುಡುಕಿದ್ದ. ಹಳೆಯ ಬಂದೂಕಿನ ಸ್ಪ್ರಿಂಗನ್ನು ನಾಲ್ಕು ಸುತ್ತು ಕತ್ತರಿಸಿದರೆ ನಳಿಗೆ ಹಗುರಾಗಿ ಬಗ್ಗುತ್ತದೆ, ಮೊಣಕಾಲಿಗೆ ಒತ್ತಿ ಅವಳೇ ಬಗ್ಗಿಸಬಹುದು. ಗುಂಡು ಸ್ವಲ್ಪ ಸೋತು ಹೋಗಿ ಕೆಳಗೆ ಬೀಳುತ್ತದೆ, ಬೀಳಲಿ, ಮೇಲೆ ಗುರಿ ಇಟ್ಟರಾಯಿತು. ಇದು ಅವನ ಲೆಕ್ಕ.

ಅಷ್ಟರಲ್ಲಿ ಆಯುಧಪೂಜೆಯ ದಿನ ಬೆಳಗ್ಗೆ ಗುರುಸಿದ್ದಯ್ಯನವರ ಅಂಬಾಸಿಡರ್ ಕಾರು ಶೆಡ್ಡಿನ ಮುಂದೆ ನಿಂತಿತು. ಬೈರಯ್ಯ ಬಗ್ಗಿಸಲು ಹೋದದ್ದು ಅವರು ಇಂಗ್ಲೆಂಡಿನಲ್ಲಿದ್ದ ಭಾವಮೈದನ ಮನೆಗೆ ಹೋದಾಗ ತಂದಿದ್ದ ಬಂದೂಕನ್ನು. ತಮಗೆ ಕಣ್ಣಿಗೆ ಪೊರೆ ಬಂದಿದೆ, ಗುರಿ ಎರಡೆರಡಾಗಿ ಕಾಣುತ್ತದೆ, ಕೆಂಗೇರಿಯವರೊಬ್ಬರು ಇವತ್ತು ಸಂಜೆ ಬಂದು ಒಯ್ಯುತ್ತೇನೆ ಅಂದಿದ್ದಾರೆ, ಅದಕ್ಕೆ ಮೊದಲು ನಮ್ಮ ಜಲಜಾ ಒಂದು ಸಲ ನೋಡಲಿ ಎಂದು ತಂದೆ ಅಂದರು. ಬೆಲೆ ವಿಚಾರ ಅವರೇ ಹಗುರ ಮಾಡಿದರು, ನಿಧಾನಕ್ಕೆ ಕೊಡಿ ಅಂದರು. ಈಗ ಉಳಿದದ್ದು ಒಂದೇ ಪ್ರಶ್ನೆ, ಇದೋ, ಅದೋ.

ಇದರಲ್ಲಿ ಸ್ಪ್ರಿಂಗೇ ಇರಲಿಲ್ಲ. ನಳಿಗೆಯ ಕೆಳಗೆ ಅದರಷ್ಟೇ ಉದ್ದದ ಇನ್ನೊಂದು ಕೊಳವೆ. ಗಾಳಿಯನ್ನು ಮೊದಲೇ ಅದರೊಳಗೆ ತುಂಬಿಸಿಡುತ್ತಾರೆ. ಸೈಕಲ್ ಪಂಪಿನ ಗಾಳಿ ಅಲ್ಲ, ಪೀಣ್ಯದಲ್ಲಿ ಕಾರ್ಖಾನೆಗಳ ಉಸಿರಾಟದ ಸಿಲಿಂಡರು ತುಂಬಿಸುವ ಒಂದು ಜಾಗದಿಂದ ತಂದ ಗಾಳಿ. ಕಾರಿನ ಡಿಕ್ಕಿಯಲ್ಲಿದ್ದ ಸಿಲಿಂಡರಿಗೆ ಪೈಪು ಸಿಕ್ಕಿಸಿ ಗುರುಸಿದ್ದಯ್ಯನವರು ಬಂದೂಕಿಗೆ ಗಾಳಿ ತುಂಬಿದರು. ಲಾರಿ ಟೈರಿನ ಗಾಳಿಗಿಂತ ಇಪ್ಪತ್ತು ಪಾಲು ಹೆಚ್ಚು ಬಿಗಿ ಅಂದಾಗ ಬೈರಯ್ಯ ತನಗೆ ಗೊತ್ತಿಲ್ಲದೆಯೇ ಒಂದು ಹೆಜ್ಜೆ ಹಿಂದೆ ಸರಿದ. ಕಬ್ಬಿಣದ ಜೊತೆ ಮೂವತ್ತು ವರ್ಷ ಕಳೆದವನಿಗೆ ಆ ಕೊಳವೆಯ ಗೋಡೆ ಎಷ್ಟು ತೆಳು ಎಂದು ಕಣ್ಣಳತೆಯಲ್ಲೇ ತಿಳಿಯುತ್ತಿತ್ತು. ಅಷ್ಟು ತೆಳು ಗೋಡೆಯ ಹಿಂದೆ ಅಷ್ಟು ಬಲ ಸುಮ್ಮನೆ ಕೂತಿದೆ, ಒಂದು ಸದ್ದಿಲ್ಲ.

ಜಲಜಾ ಬಂದೂಕು ತೆಗೆದುಕೊಂಡಳು. ಹಿಂದಿದ್ದ ಚಿಕ್ಕ ಗುಬುಟನ್ನು ಎರಡೇ ಬೆರಳಲ್ಲಿ ಹಿಂದಕ್ಕೆಳೆದಳು, ಸೀಸದ ಗುಂಡು ಇಟ್ಟಳು, ಮುಂದಕ್ಕೆ ತಳ್ಳಿದಳು. ಅಷ್ಟೇ. ಶೆಡ್ಡಿನ ಆ ತುದಿಯಲ್ಲಿ ಮರಳಿನ ಚೀಲಕ್ಕೆ ಕಾಗದ ಅಂಟಿಸಿತ್ತು. ಟಪ್ ಅಂದಿತು. ಬಂದೂಕು ಅಲುಗಲಿಲ್ಲ, ಅವಳ ಭುಜ ಅಲುಗಲಿಲ್ಲ, ಕಿವಿಯ ಹಿಂದಿನ ಕೂದಲು ಕೂಡ ಅಲುಗಲಿಲ್ಲ. ಕಾಗದದ ನಟ್ಟನಡುವೆ ತೂತು. ಸ್ಪ್ರಿಂಗಿನ ಬಂದೂಕು ಹೊಡೆದಾಗೆಲ್ಲ ಮೈಯೆಲ್ಲ ನಡುಗಿ ಒದರುವುದನ್ನು ನೋಡಿದ್ದ ಬೈರಯ್ಯನಿಗೆ ಇದು ಹೊಸದು. ಅಬ್ಬಾ, ಹೀಗೂ ಉಂಟೇ ಎಂದು ಹೋಗಿ ತೂತನ್ನು ಬೆರಳಿನಿಂದ ಮುಟ್ಟಿ ನೋಡಿ ಬಂದ.

ಬಂದವನು ಮಾತ್ರ ಬೇರೆಯೇ ರಾಗ ತೆಗೆದ.

"ಇದು ಗಾಳಿ ಎಷ್ಟೊತ್ತು ಹಿಡ್ಕೊಂಡಿರುತ್ತೆ ಸಾರ್?"

ಗುರುಸಿದ್ದಯ್ಯನವರು ಸುಳ್ಳು ಹೇಳುವ ಆಸಾಮಿಯಲ್ಲ. ತಿಂಗಳುಗಟ್ಟಲೆ ಇರುತ್ತದೆ ಎಂದು ಮಾಡಿದವರು ಹೇಳುತ್ತಾರೆ, ತಾವು ಮಾತ್ರ ಬೆಳಗ್ಗೆ ತುಂಬಿ ಮಧ್ಯಾಹ್ನದೊಳಗೆ ಹೊಡೆದು ಮುಗಿಸುತ್ತಿದ್ದುದರಿಂದ ರಾತ್ರಿ ಕಳೆಸಿ ನೋಡಿಲ್ಲ ಅಂದರು. ಬೈರಯ್ಯನಿಗೆ ಅಷ್ಟು ಸಾಕಾಯಿತು. ಸ್ಪರ್ಧೆಯಲ್ಲಿ ಹಿಂದಿನ ಸಂಜೆಯೇ ಬಂದೂಕನ್ನು ತಪಾಸಣೆಗೆ ಒಪ್ಪಿಸಬೇಕು, ಬೆಳಗ್ಗೆ ಸಾಲಿನಲ್ಲಿ ನಿಂತ ಮೇಲೇ ಕೈಗೆ ಕೊಡುವುದು. ರಾತ್ರಿ ಗಾಳಿ ಸೋರಿಹೋದರೆ ಬೆಳಗ್ಗೆ ಹುಡುಗಿ ಕೈಯಲ್ಲಿ ಏನಿರುತ್ತದೆ, ಒನಕೆ. ಸೀಮೆಎಣ್ಣೆ ಸ್ಟವ್ವಿನ ಗಾಳಿ ಅನ್ನ ಬೇಯುವ ತನಕ ನಿಲ್ಲುವುದಿಲ್ಲ, ಸೈಕಲ್ ಟ್ಯೂಬು ವಾರ ನಿಲ್ಲುವುದಿಲ್ಲ, ವಾಷರು ಅಂದರೆ ಸವೆಯುವ ವಸ್ತು, ಗಾಳಿ ಅಂದರೆ ಓಡಿಹೋಗುವ ವಸ್ತು ಎಂದು ಉದ್ದಕ್ಕೆ ಹೇಳಿಕೊಂಡು ಹೋದ. ಸ್ಪ್ರಿಂಗೇ ಸರಿ, ಇವತ್ತು ಪೂಜೆ ಮುಗಿಯಲಿ, ನಾಳೆಯೇ ಕತ್ತರಿಸಿಕೊಡುತ್ತೇನೆ ಅಂದ. ಜಲಜಾ ಬಂದೂಕನ್ನು ಹಲಗೆಯ ಮೇಲೆ ಮೆಲ್ಲಗೆ ಮಲಗಿಸಿದಳು.

ಆ ಹಲಗೆಯೇ ಅವತ್ತು ಪೂಜೆಯ ಹಲಗೆ. ಸುತ್ತಿಗೆ, ಸ್ಪ್ಯಾನರು, ಕೊರೆಯುವ ಮೆಷಿನ್ನು, ಹಳೆಯ ಬಂದೂಕು ಎಲ್ಲ ತೊಳೆದು ಒರೆಸಿ ಸಾಲಾಗಿ ಜೋಡಿಸಿಟ್ಟಿದ್ದರು. ಬೈರಯ್ಯ ಮತ್ತು ಗುರುಸಿದ್ದಯ್ಯನವರು ಬಾಗಿಲ ಹತ್ತಿರ ನಿಂತು ಕೆಂಗೇರಿಯವರ ವಿಷಯ ಮಾತಾಡುತ್ತಿದ್ದಾಗ ಬೈರಯ್ಯನ ತಾಯಿ ಮುನಿತಾಯಮ್ಮ ಆರತಿ ತಟ್ಟೆ ಹಿಡಿದು ಒಳಗೆ ಬಂದಳು. ಕಣ್ಣು ಮಂಜಾಗಿದ್ದರೂ ಪೂಜೆಯ ದಿನ ಅವಳ ಕೈ ತಡೆಯುವವರಿರಲಿಲ್ಲ. ಲೇತಿಗೆ ಅರಿಶಿನ ಕುಂಕುಮ, ಸುತ್ತಿಗೆಗೆ ಕುಂಕುಮ, ಹಳೆಯ ಬಂದೂಕಿಗೆ ಕುಂಕುಮ, ಅದರ ಪಕ್ಕದ ಹೊಸ ಬಂದೂಕಿಗೂ ಕುಂಕುಮ. ಚೆಂಡುಹೂವಿನ ಹಾರವನ್ನು ಎರಡೂ ನಳಿಗೆಗೆ ಸೇರಿಸಿ ಸುತ್ತಿದಳು. ಗಂಟೆ ಆಡಿಸಿದಳು. ಮಂಗಳಾರತಿ ಎತ್ತಿಯೇ ಬಿಟ್ಟಳು.

"ಅವ್ವ, ಅದು ಸಾರ್‌ದು ಕಣವ್ವ. ಸಂಜೆ ಬೇರೆಯವರಿಗೆ ಹೋಗ್ಬೇಕು," ಎಂದು ಬೈರಯ್ಯ ಓಡಿಬಂದ.

"ಯಾರದಾದ್ರೂ ಆಗ್ಲಿ ಕಣ್ಲಾ. ಪೂಜೆಗೆ ಕೂತಿದ್ದನ್ನ ಎತ್ತಂಗಿಲ್ಲ. ನಾಳೆ ಕದಲಿಸಿದ ಮ್ಯಾಲೆ ತಗಂಡೋಗ್ಲಿ," ಅಂದಳು ಮುದುಕಿ.

ಗುರುಸಿದ್ದಯ್ಯನವರು ಒಂದು ಗಳಿಗೆ ಹಾರವನ್ನೂ ಮುದುಕಿಯನ್ನೂ ನೋಡಿದರು. ಆಮೇಲೆ ಚಪ್ಪಲಿ ಬಿಟ್ಟು ಒಳಗೆ ಬಂದು, ಕೈ ಮುಗಿದು ಆರತಿ ತೆಗೆದುಕೊಂಡರು. ಕೆಂಗೇರಿಯವರಿಗೆ ಒಂದು ದಿನ ತಡೆಯಿರಿ ಎಂದು ಹೇಳಿದರಾಯಿತು, ಶರಣೆಯಂಥ ತಾಯಿ ಹೂ ಏರಿಸಿದ್ದನ್ನು ಕಿತ್ತುಕೊಂಡು ಹೋಗುವಷ್ಟು ಅವಸರ ತಮಗಿಲ್ಲ ಎಂದು ಹೇಳಿ, ಕಡ್ಲೆಪುರಿ ಪೊಟ್ಟಣ ಹಿಡಿದುಕೊಂಡು ಕಾರು ಹತ್ತಿದರು. ಡಿಕ್ಕಿಯಲ್ಲಿದ್ದ ಸಿಲಿಂಡರೂ ಅವರ ಜೊತೆಗೇ ಹೋಯಿತು.

ಬೂದುಗುಂಬಳಕಾಯಿ ಒಡೆದಾಯಿತು, ಓಣಿಯವರಿಗೆಲ್ಲ ಕಡ್ಲೆಪುರಿ ಹಂಚಿಯಾಯಿತು. ಆದರೆ ಬೈರಯ್ಯನ ಜೀವ ಆ ಹಲಗೆಯ ಮೇಲೇ ಇತ್ತು. ಪಂಚರ್ ನೋಡುವಂತೆ ಒಂದಿಷ್ಟು ಸೋಪುನೀರು ಹಚ್ಚಿದರೆ ಸಾಕು, ಸೋರುವ ಕಡೆ ಗುಳ್ಳೆ ಬರುತ್ತದೆ, ಸತ್ಯ ಗೊತ್ತಾಗುತ್ತದೆ. ಆದರೆ ಪೂಜೆಗೆ ಕೂತದ್ದನ್ನು ಮುಟ್ಟುವುದು ಹೇಗೆ? ಸಂಜೆ ದೀಪ ಹಚ್ಚುವ ನೆಪದಲ್ಲಿ ಬಗ್ಗಿ ಕಿವಿ ಹತ್ತಿರ ಒಯ್ದ. ಚೆಂಡುಹೂವಿನ ಘಾಟು ಬಿಟ್ಟರೆ ಏನೂ ಇಲ್ಲ. ತಲೆ ಎತ್ತಿದರೆ ಜಲಜಾ ಎದುರಿಗೆ ನಿಂತಿದ್ದಳು.

"ಅಪ್ಪ, ಒಂದು ಕೇಳ್ತೀನಿ. ಅದು ಸೋರ್ಲಿ ಅಂತ ನೋಡ್ತಾ ಇದೀಯಾ, ಸೋರ್ದೆ ಇರ್ಲಿ ಅಂತ ನೋಡ್ತಾ ಇದೀಯಾ?"

ಬೈರಯ್ಯ ದೀಪದ ಬತ್ತಿ ಸರಿಮಾಡತೊಡಗಿದ. ಸೋರಲಿ ಎಂದೇ ಅವನು ಬೆಳಗ್ಗೆಯಿಂದ ಬೇಡಿಕೊಂಡಿದ್ದ. ಸೋರಿದರೆ ಆ ಬಂದೂಕು ಕೆಂಗೇರಿಗೆ ಹೋಗುತ್ತದೆ, ಹಳೆಯದು ಇಲ್ಲೇ ಉಳಿಯುತ್ತದೆ. ಸ್ಪ್ರಿಂಗು ಕತ್ತರಿಸಿದರೂ ಭಾನುವಾರ ದಣಿದಾಗ ಮಗಳು ಕೈ ಹಿಂದಕ್ಕೆ ಚಾಚುತ್ತಾಳೆ, ತಾನು ಬಗ್ಗಿಸಿ ಕೊಡುತ್ತಾನೆ. ಹೆತ್ತ ಮಗಳ ಕಾಲಿಗೆ ತಾನೇ ಹಗ್ಗ ಕಟ್ಟಿ, ಬಿದ್ದೀಯ ಜೋಕೆ ಅನ್ನುತ್ತಿದ್ದೇನಲ್ಲ ಎಂದು ಅವನಿಗೆ ತನ್ನ ಮೇಲೇ ಅಸಹ್ಯವಾಯಿತು. ಜಲಜಾ ಉತ್ತರಕ್ಕೆ ಕಾಯಲಿಲ್ಲ. ದೀಪಕ್ಕೆ ಎಣ್ಣೆ ಹಾಕಿ, ಅಪ್ಪನ ಬೆನ್ನು ಒಂದು ಸಲ ಸವರಿ ಊಟಕ್ಕೆ ಕರೆದಳು.

ಮರುದಿನ ಬೆಳಗ್ಗೆ ಗುರುಸಿದ್ದಯ್ಯನವರು ಬಂದಾಗ ಮುನಿತಾಯಮ್ಮ ಒಂದೊಂದನ್ನೇ ಮುಟ್ಟಿ ಕದಲಿಸುತ್ತಿದ್ದಳು. ಸುತ್ತಿಗೆ, ಸ್ಪ್ಯಾನರು, ಹಳೆಯ ಬಂದೂಕು. ಹೊಸದರ ಹಾರ ಬಿಚ್ಚಿ, ಅದನ್ನು ಎತ್ತಿ ಮೊಮ್ಮಗಳ ಕೈಗೆ ತಾನೇ ಇಟ್ಟಳು. ಬಾಡಿದ ಎಸಳೊಂದು ನಳಿಗೆಗೆ ಅಂಟಿಕೊಂಡೇ ಇತ್ತು. ಜಲಜಾ ಗುಬುಟು ಎಳೆದಳು, ಗುಂಡು ಇಟ್ಟಳು, ತಳ್ಳಿದಳು. ಸೋರದೆ ಇರಲಪ್ಪ ತಂದೆ ಎಂದು ಬೈರಯ್ಯ ಈಗ ನಿಜವಾಗಿ ಬೇಡಿಕೊಂಡ.

ಟಪ್ ಅಂದಿತು.

ನಿನ್ನೆಯ ಅದೇ ಸದ್ದು, ಒಂದು ಕೂದಲೆಳೆ ಕಡಿಮೆಯಿಲ್ಲ. ಅವಳು ಇನ್ನೊಂದು ಹೊಡೆದಳು, ಮತ್ತೊಂದು ಹೊಡೆದಳು. ಗುಂಡುಗಳು ನಿನ್ನೆಯ ತೂತಿಗೇ ಹೋಗಿ ಅದನ್ನೇ ಅಗಲ ಮಾಡಿದವು. ನಿನ್ನೆ ಬೆಳಗ್ಗೆ ತುಂಬಿದ ಗಾಳಿ, ಹೂವಿನಡಿ ಇಡೀ ರಾತ್ರಿ ಕಾದು ಕೂತ ಗಾಳಿ. ಬೈರಯ್ಯನ ಕಣ್ಣು ಆ ತೆಳು ಕೊಳವೆಯ ಮೇಲೆ ನಿಂತಿತು. ಆ ಕೊಳವೆಯನ್ನು ತಿರುವಿದ ಟರ್ನರು ಯಾವ ಊರಿನವನೋ, ಎಂಥ ಕೈಯೋ, ಅವನ ತಾಯಿ ಹೊಟ್ಟೆ ತಣ್ಣಗಿರಲಿ ಅಂದುಕೊಂಡ. ಗುರುಸಿದ್ದಯ್ಯನವರು ಪೊರೆ ಬಂದ ಕಣ್ಣು ಕಿರಿದು ಮಾಡಿ ಕಾಗದ ನೋಡುತ್ತ ನಿಂತಿದ್ದರು. ಕೆಂಗೇರಿಯವರಿಗೆ ಏನು ಹೇಳಲಿ ಎಂದು ಅವರು ಕೇಳಿದರು.

"ಇಲ್ಲ ಅಂತ ಹೇಳಿ ಸಾರ್," ಅಂದ ಬೈರಯ್ಯ. "ಇದು ನಮ್ ಹುಡುಗೀದು."

ಅಂದವನು, ಜಲಜಾ ಮುಂದಿನ ಗುಂಡು ಹೊಡೆದದ್ದೇ ತಡ, ಎಡಗೈ ಮುಂದೆ ಚಾಚಿದ್ದ. ಅವಳು ಬಂದೂಕು ಕೊಡಲಿಲ್ಲ. ಎರಡು ಬೆರಳಲ್ಲಿ ಗುಬುಟು ಎಳೆಯುತ್ತ, ತಿರುಗಿ ನೋಡದೆ, ಮೆತ್ತಗೆ ಅಂದಳು:

"ಅಪ್ಪ, ನೀನು ಆಚೆ ನಿಂತ್ಕೊ. ಅಲ್ಲಿ ನಿನ್ನ ಒಳಗೆ ಬಿಡಲ್ಲ. ನೀನಿಲ್ದೆ ಹೊಡೆಯೋದು ಇವತ್ತೇ ಕಲೀಬೇಕು ನಾನು."

ಬೈರಯ್ಯ ಹೊರಗೆ ಬಂದು ಶೆಡ್ಡಿನ ಬಾಗಿಲು ಎಳೆದುಕೊಂಡ. ಓಣಿಯಲ್ಲಿ ಒಡೆದ ಕುಂಬಳಕಾಯಿ ಕುಂಕುಮದ ನೀರಲ್ಲಿ ಬಿದ್ದಿತ್ತು, ಬಾಗಿಲಿಗೆ ಕಟ್ಟಿದ ಬಾಳೆಕಂದು ಬಾಡಿ ಜೋತುಬಿದ್ದಿತ್ತು. ಲೂನಾದಲ್ಲಿ ಹೋಗುತ್ತಿದ್ದವರೊಬ್ಬರು ಹಬ್ಬ ಆಯ್ತಾ ಅಣ್ಣ ಎಂದು ಕೂಗಿದ್ದು ಅವನಿಗೆ ಕೇಳಿಸಲಿಲ್ಲ. ಒಳಗೆ ಏನೂ ಸದ್ದಿರಲಿಲ್ಲ. ಈಗ ಗುಂಡು ಇಟ್ಟಿರುತ್ತಾಳೆ, ಈಗ ಕೆನ್ನೆ ಒರಗಿಸಿರುತ್ತಾಳೆ, ಈಗ ಕಣ್ಣು ಚುಕ್ಕೆಗೆ ಕೂತಿರುತ್ತದೆ. ಖಾಲಿ ಎಡಗೈಯ ಜಡ್ಡನ್ನು ಬಲಗೈ ಹೆಬ್ಬೆರಳಿನಿಂದ ಒತ್ತಿಕೊಳ್ಳುತ್ತ ಅವನು ಉಸಿರು ಬಿಗಿಹಿಡಿದು ನಿಂತಿದ್ದ. ಒಳಗಿನಿಂದ ಟಪ್ ಎಂದು ಕೇಳಿದ ಮೇಲೆಯೇ ಆ ಉಸಿರನ್ನು ಬಿಟ್ಟ.